ಗಣಕಯಂತ್ರದ ವೇಗವೂ ವಿದ್ಯುದೊತ್ತಡದ ಮಿತಿಯೂ

ಒಂದು ಕಾಲಕ್ಕೆ ಮಹಾನಗರಗಳ ದೊಡ್ಡ ಕಾರ್ಯಾಲಯಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಗಣಕಯಂತ್ರವು ಇಂದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸುತ್ತಣ ಹಳ್ಳಿಗಳನ್ನೂ ಪ್ರವೇಶಿಸಿದೆ. ಶಾಲೆಯ ಪ್ರಯೋಗಶಾಲೆ, ಪಂಚಾಯತಿಯ ಕಚೇರಿ, ಸಹಕಾರಿ ಸಂಘ, ಅಂಗಡಿ ಮುಂತಾದೆಡೆಗಳಲ್ಲಿ ಅದು ನಿತ್ಯದ ಉಪಕರಣವಾಗಿದೆ. ಮಕ್ಕಳ ಓದಿಗೆಂದು ಹೆಸರು, ಹತ್ತಿ, ಕಡಲೆ ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಮನೆಗೆ ಗಣಕಯಂತ್ರವನ್ನು ತರುವ ಒಕ್ಕಲು ಮನೆತನಗಳೂ ಉಂಟು. ಹೀಗೆ ಬಂದ ಯಂತ್ರವು ಕೆಲವು ವರ್ಷಗಳಲ್ಲಿ ನಿಧಾನವೆಂದು ತೋರತೊಡಗಿದಾಗ, ಹೊಸದನ್ನು ಕೊಳ್ಳುವ ಅನುಕೂಲವಿಲ್ಲದ ತರುಣನು ಇದ್ದ ಯಂತ್ರದಿಂದಲೇ ಹೆಚ್ಚಿನ ವೇಗವನ್ನು ಹೊರಡಿಸುವ ಉಪಾಯವನ್ನು ಹುಡುಕುವುದು ಸಹಜವಾಗಿದೆ. ಆ ಉಪಾಯಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಯಂತ್ರವನ್ನು ಓಡಿಸುವುದೆಂದು ಇದರ ಅರ್ಥ.

ಈ ಕಾರ್ಯದಲ್ಲಿ ಎಲ್ಲಕ್ಕೂ ಮಿಗಿಲಾಗಿ ವಿಚಾರಿಸತಕ್ಕ ಅಂಶವೆಂದರೆ ವಿದ್ಯುದೊತ್ತಡ, ಅಂದರೆ ಜನರು ವೋಲ್ಟೇಜು ಎಂದು ಕರೆಯುವ ಸಂಗತಿ. ವೇಗವನ್ನು ಏರಿಸಲು ಒತ್ತಡವನ್ನು ಏರಿಸಬೇಕಾಗುತ್ತದೆ. ಒತ್ತಡವನ್ನು ಏರಿಸಿದರೆ ಉಷ್ಣವು ಅದಕ್ಕಿಂತ ಬಹು ಶೀಘ್ರವಾಗಿ ಏರುತ್ತದೆ. ಉಷ್ಣವು ಏರಿದಷ್ಟೂ ಯಂತ್ರದ ಆಯುಷ್ಯವು ಕುಗ್ಗುತ್ತದೆ. ಈ ಮೂರರ ಸಂಬಂಧವನ್ನು ತಿಳಿಯದೆ ಕೈಹಾಕಿದವನು ಮನೆಯವರು ಕಷ್ಟಪಟ್ಟು ಕೊಂಡ ವಸ್ತುವನ್ನು ಹಾಳುಮಾಡಿಕೊಳ್ಳುವ ಸಂಭವವಿದೆ. ತಿಳಿದು ನಡೆದವನಿಗೆ ಅದೇ ಜ್ಞಾನವು ಯಂತ್ರವನ್ನು ದೀರ್ಘಕಾಲ ಬಾಳಿಸುವ ಸಾಧನವಾಗುತ್ತದೆ. ಈ ಸಂಬಂಧದ ಸ್ವರೂಪವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒತ್ತಡ ಮತ್ತು ಪ್ರವಾಹ

ವಿದ್ಯುತ್ತಿನ ವಿಚಾರದಲ್ಲಿ ಎರಡು ಮಾತುಗಳನ್ನು ಮೊದಲು ಬೇರೆಬೇರೆಯಾಗಿ ಅರಿತುಕೊಳ್ಳಬೇಕು. ಕೊಳವೆಯಲ್ಲಿ ನೀರನ್ನು ಮುಂದಕ್ಕೆ ತಳ್ಳುವ ಬಲದಂತೆ ತಂತಿಯಲ್ಲಿ ವಿದ್ಯುತ್ತನ್ನು ತಳ್ಳುವ ಬಲವೇ ಒತ್ತಡ. ಅದನ್ನು ವೋಲ್ಟುಗಳಲ್ಲಿ ಅಳೆಯುತ್ತಾರೆ. ಕ್ಷಣಕ್ಷಣಕ್ಕೆ ಹರಿದುಹೋಗುವ ವಿದ್ಯುತ್ತಿನ ಪರಿಮಾಣವೇ ಪ್ರವಾಹ. ಅದನ್ನು ಆಂಪಿಯರುಗಳಲ್ಲಿ ಅಳೆಯುತ್ತಾರೆ. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ದೊರೆಯುವುದೇ ಶಕ್ತಿಯ ವೆಚ್ಚದ ದರ, ಅಂದರೆ ವ್ಯಾಟು.

ಕರ್ನಾಟಕಕ್ಕೆ ಈ ತತ್ತ್ವದ ಪರಿಚಯವು ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಅಷ್ಟು ದೂರ ಸಾಗಿಸುವಾಗ ತಂತಿಯಲ್ಲಿಯೇ ಶಕ್ತಿಯು ಬಿಸಿಯಾಗಿ ಕಳೆದುಹೋಗಬಾರದೆಂದು ಒತ್ತಡವನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿ, ಪ್ರವಾಹವನ್ನು ಕಡಿಮೆಮಾಡಿದರು. ದೂರದ ಸಾಗಾಟದಲ್ಲಿ ಹೆಚ್ಚಿನ ಒತ್ತಡವು ನಷ್ಟವನ್ನು ತಗ್ಗಿಸುತ್ತದೆ. ಗಣಕಯಂತ್ರದ ಒಳಗಡೆ ಇದಕ್ಕೆ ತೀರ ವಿರುದ್ಧವಾದ ಸ್ಥಿತಿಯುಂಟು. ಅಲ್ಲಿ ಹೆಚ್ಚಿನ ಒತ್ತಡವೇ ನಷ್ಟದ ಮೂಲ. ಆದುದರಿಂದ ಒಂದು ಕಡೆಯ ನಿಯಮವನ್ನು ಇನ್ನೊಂದು ಕಡೆಗೆ ಅನ್ವಯಿಸಲಾಗದು.

ಕಂಬದಿಂದ ಸಂಸ್ಕಾರಕದವರೆಗೆ

ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟು ಒತ್ತಡದ ಪರ್ಯಾಯ ಪ್ರವಾಹ. ಗಣಕಯಂತ್ರದ ಪೆಟ್ಟಿಗೆಯಲ್ಲಿರುವ ‘ಎಸ್‌.ಎಂ.ಪಿ.ಎಸ್‌.’ ಎಂಬ ಘಟಕವು ಅದನ್ನು ೧೨, ೫ ಮತ್ತು ೩.೩ ವೋಲ್ಟುಗಳ ನೇರ ಪ್ರವಾಹವನ್ನಾಗಿ ಪರಿವರ್ತಿಸುತ್ತದೆ. ಲೆಕ್ಕಾಚಾರದ ಕಾರ್ಯವನ್ನೆಲ್ಲ ನಡೆಸುವ ಸಂಸ್ಕಾರಕಕ್ಕೆ, ರೂಢಿಯ ಮಾತಿನಲ್ಲಿ ಪ್ರೊಸೆಸರಿಗೆ, ೧೨ ವೋಲ್ಟು ಕೂಡ ಅತ್ಯಧಿಕವೇ ಸರಿ. ಆದುದರಿಂದ ಮದರ್‌ಬೋರ್ಡಿನ ಮೇಲೆ ಸಂಸ್ಕಾರಕದ ಬದಿಯಲ್ಲಿಯೇ ಇರುವ ನಿಯಂತ್ರಕ ಮಂಡಲವು ಅದನ್ನು ಮತ್ತೆ ತಗ್ಗಿಸಿ, ಸಾಮಾನ್ಯವಾಗಿ ೧ ರಿಂದ ೧.೪ ವೋಲ್ಟಿನ ಒಳಗೆ ತರುತ್ತದೆ. ಬಯಾಸ್ ಎಂಬ ಮೂಲ ವ್ಯವಸ್ಥೆಯಲ್ಲಿ ತರುಣರು ಬದಲಾಯಿಸುವುದು ಈ ಕೊನೆಯ ಅಂಕಿಯನ್ನು.

ಒಂದು ವೋಲ್ಟೆಂದರೆ ಕೈಗಡಿಯಾರದ ಸೆಲ್ಲಿಗಿಂತಲೂ ಕಡಿಮೆಯಲ್ಲವೇ, ಅದರಿಂದ ಏನು ಅಪಾಯವೆಂದು ಭಾವಿಸಬಾರದು. ೧.೨ ವೋಲ್ಟಿನಲ್ಲಿ ೧೦೦ ವ್ಯಾಟು ವೆಚ್ಚಮಾಡುವ ಸಂಸ್ಕಾರಕದ ಒಳಗೆ ಸುಮಾರು ೮೩ ಆಂಪಿಯರು ಪ್ರವಾಹವು ಹರಿಯುತ್ತಿರುತ್ತದೆ. ಹೊಲದಲ್ಲಿ ನೀರೆತ್ತುವ ೫ ಅಶ್ವಶಕ್ತಿಯ ತ್ರೀಫೇಸ್ ಪಂಪ್‌ಸೆಟ್ಟು ಪ್ರತಿಯೊಂದು ತಂತಿಯಲ್ಲಿ ಎಳೆಯುವುದು ಏಳೆಂಟು ಆಂಪಿಯರು ಮಾತ್ರ. ಅದರ ಹತ್ತುಪಟ್ಟು ಪ್ರವಾಹವು ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನಲ್ಲಿ, ಕೂದಲೆಳೆಗಿಂತ ಸಾವಿರಾರು ಪಟ್ಟು ಸೂಕ್ಷ್ಮವಾದ ದಾರಿಗಳಲ್ಲಿ ಹಂಚಿಹೋಗುತ್ತದೆ. ಇಂಥ ಸ್ಥಳದಲ್ಲಿ ವೋಲ್ಟಿನ ನೂರರಲ್ಲೊಂದು ಭಾಗವೂ ಗಣನೆಗೆ ಬರುವಂಥದು.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸುವುದು ಅವಶ್ಯ. ಊರಿನಲ್ಲಿ ಕರೆಂಟಿನ ವೋಲ್ಟೇಜು ಕಡಿಮೆಯಿರುವುದರಿಂದ ಬಯಾಸಿನಲ್ಲಿ ಸಂಸ್ಕಾರಕದ ವೋಲ್ಟೇಜನ್ನು ಹೆಚ್ಚಿಸಿದರೆ ಸರಿಹೋಗುವುದೆಂದು ಕೆಲವರು ತಿಳಿಯುತ್ತಾರೆ. ಇದು ನಿರಾಧಾರವಾದ ತಿಳಿವಳಿಕೆ. ಹೊರಗಿನ ೨೩೦ ವೋಲ್ಟು ೨೦೦ಕ್ಕೆ ಇಳಿದರೂ ಸುಸ್ಥಿತಿಯಲ್ಲಿರುವ ಎಸ್‌.ಎಂ.ಪಿ.ಎಸ್‌. ಘಟಕವು ಒಳಗೆ ೧೨ ವೋಲ್ಟನ್ನೇ ಒದಗಿಸುತ್ತದೆ. ಹೊರಗಿನ ಏರಿಳಿತವು ಅತಿಯಾದರೆ ಅದಕ್ಕೆ ಸ್ಟೆಬಿಲೈಜರು, ಯು.ಪಿ.ಎಸ್‌. ಮತ್ತು ಸರಿಯಾದ ಅರ್ಥಿಂಗ್ ಪರಿಹಾರವೇ ಹೊರತು ಸಂಸ್ಕಾರಕದ ಒತ್ತಡವನ್ನು ಏರಿಸುವುದು ಪರಿಹಾರವಲ್ಲ.

ವೇಗಕ್ಕೆ ಒತ್ತಡವು ಏಕೆ ಬೇಕು?

ಸಂಸ್ಕಾರಕದೊಳಗೆ ಟ್ರಾನ್ಸಿಸ್ಟರು ಎಂಬ ಸೂಕ್ಷ್ಮ ಕೀಲಿಗಳು ಕೋಟ್ಯವಧಿಯಾಗಿವೆ. ಪ್ರತಿಯೊಂದೂ ತೆರೆಯುವ ಇಲ್ಲವೆ ಮುಚ್ಚುವ ಕ್ರಿಯೆಯನ್ನು ಮಾಡುತ್ತಿರುತ್ತದೆ. ಇವೆಲ್ಲವೂ ಒಂದೇ ತಾಳಕ್ಕೆ ನಡೆಯುವಂತೆ ಒಂದು ಗಡಿಯಾರವು ಮಿಡಿಯುತ್ತದೆ. ೪ ಗಿಗಾಹರ್ಟ್ಸ್ ವೇಗವೆಂದರೆ ಆ ಗಡಿಯಾರವು ಸೆಕೆಂಡಿಗೆ ೪೦೦ ಕೋಟಿ ಸಾರಿ ಮಿಡಿಯುತ್ತದೆಂದು ಅರ್ಥ. ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವ ಅವಕಾಶದಲ್ಲಿ ಬೆಳಕು ಕೂಡ ನಾಲ್ಕು ಬೆರಳಿನ ಅಗಲ, ಅಂದರೆ ಸುಮಾರು ಏಳೂವರೆ ಸೆಂಟಿಮೀಟರು ದೂರವನ್ನು ಮಾತ್ರ ಕ್ರಮಿಸಬಲ್ಲದು. ಅಷ್ಟರೊಳಗೆ ಒಂದು ಸಾಲಿನ ಕೀಲಿಗಳೆಲ್ಲ ತಮ್ಮ ಕೆಲಸವನ್ನು ಮುಗಿಸಿ, ಮುಂದಿನವುಗಳಿಗೆ ಸಂಜ್ಞೆಯನ್ನು ತಲುಪಿಸಬೇಕು.

ಪ್ರತಿಯೊಂದು ಕೀಲಿಯನ್ನೂ ಒಂದು ಪುಟ್ಟ ಮಗಿಗೆ ಹೋಲಿಸಬಹುದು. ಮಗಿಯು ಗುರುತಿನವರೆಗೆ ತುಂಬಿದಾಗ ಕೀಲಿ ತೆರೆಯುತ್ತದೆ. ತುಂಬುವ ನೀರಿನ ಒತ್ತಡವು ಹೆಚ್ಚಿದ್ದರೆ ಬೇಗ ತುಂಬುತ್ತದೆ, ಕಡಿಮೆಯಿದ್ದರೆ ತಡವಾಗುತ್ತದೆ. ಗಡಿಯಾರದ ಮಿಡಿತವನ್ನು ತ್ವರಿತಗೊಳಿಸಿ ಒತ್ತಡವನ್ನು ಮೊದಲಿನಂತೆಯೇ ಬಿಟ್ಟರೆ ಕೆಲವು ಮಗಿಗಳು ತುಂಬುವ ಮೊದಲೇ ಮುಂದಿನ ಮಿಡಿತವು ಬಂದುಬಿಡುತ್ತದೆ. ಆಗ ಸೊನ್ನೆ ಇರಬೇಕಾದಲ್ಲಿ ಒಂದು, ಒಂದು ಇರಬೇಕಾದಲ್ಲಿ ಸೊನ್ನೆ ಓದಲ್ಪಡುತ್ತದೆ. ಯಂತ್ರವು ನಿಂತುಹೋಗುವುದು, ನೀಲಿ ಪರದೆ ತೋರುವುದು, ತಾನಾಗಿ ಮರುಪ್ರಾರಂಭವಾಗುವುದು ಮುಂತಾದವು ಇದರ ಬಾಹ್ಯ ಲಕ್ಷಣಗಳು. ಇವುಗಳಿಗಿಂತ ಕೆಟ್ಟದ್ದು, ಯಂತ್ರವು ನಿಲ್ಲದೆ ಲೆಕ್ಕವನ್ನೇ ತಪ್ಪುಮಾಡಿ ಮುಂದುವರಿಯುವುದು. ಸಂಘದ ಜಮಾ–ಖರ್ಚಾಗಲಿ ವಿದ್ಯಾರ್ಥಿಯ ಪ್ರಬಂಧವಾಗಲಿ ಆಗ ಸದ್ದಿಲ್ಲದೆ ಕೆಡುತ್ತದೆ.

ಸವಾಯಿ ಗಂಧರ್ವರು ಬಾಳಿದ ಕುಂದಗೋಳದ ನೆಲದಲ್ಲಿ ತಂಬೂರಿಯ ನಿದರ್ಶನವು ಯಾರಿಗೂ ಹೊಸತಾಗಲಾರದು. ಶ್ರುತಿಯನ್ನು ಏರಿಸಬೇಕಾದರೆ ತಂತಿಯ ಬಿಗುವನ್ನು ಹೆಚ್ಚಿಸಲೇಬೇಕು. ಕಂಪನವನ್ನು ನೂರಕ್ಕೆ ಹತ್ತರಷ್ಟು ಏರಿಸಲು ಬಿಗುವನ್ನು ನೂರಕ್ಕೆ ಇಪ್ಪತ್ತೊಂದರಷ್ಟು ಏರಿಸಬೇಕಾಗುತ್ತದೆ. ಒಂದು ಎಲ್ಲೆಯಾಚೆಗೆ ಬಿರಡೆಯನ್ನು ತಿರುಗಿಸಿದರೆ ಶ್ರುತಿ ಏರುವುದಿಲ್ಲ, ತಂತಿ ಹರಿಯುತ್ತದೆ. ಸಂಸ್ಕಾರಕದ ಸ್ಥಿತಿಯೂ ಇದೇ ಬಗೆಯದು. ಅಲ್ಲಿ ಮಾತ್ರ ಹರಿಯುವ ಮೊದಲು ಕಾಯುವಿಕೆಯೆಂಬ ಇನ್ನೊಂದು ಕ್ಲೇಶವುಂಟು.

ಉಷ್ಣದ ಲೆಕ್ಕ

ಸಂಸ್ಕಾರಕದ ಶಕ್ತಿವೆಚ್ಚವು ಮಿಡಿತದ ವೇಗಕ್ಕೆ ಅನುಗುಣವಾಗಿಯೂ ಒತ್ತಡದ ವರ್ಗಕ್ಕೆ ಅನುಗುಣವಾಗಿಯೂ ಇರುತ್ತದೆ. ಒತ್ತಡದ ವರ್ಗವೆಂದರೆ ಒತ್ತಡವನ್ನು ಅದರಿಂದಲೇ ಗುಣಿಸಿದ ಮೊತ್ತ. ವರ್ಗವು ಇಲ್ಲಿ ಏಕೆ ಬಂದಿತೆಂಬುದನ್ನು ನೀರಿನ ತೊಟ್ಟಿಯಿಂದಲೇ ತಿಳಿಯಬಹುದು. ತೊಟ್ಟಿಯನ್ನು ಎರಡರಷ್ಟು ಎತ್ತರಕ್ಕೆ ತುಂಬಬೇಕಾದರೆ ಎರಡರಷ್ಟು ನೀರು ಬೇಕು, ಆ ನೀರನ್ನು ಎತ್ತಬೇಕಾದ ಎತ್ತರವೂ ಎರಡರಷ್ಟಾಗುತ್ತದೆ. ಹೀಗೆ ಶ್ರಮವು ನಾಲ್ಕರಷ್ಟಾಗುತ್ತದೆ. ಸಂಸ್ಕಾರಕದ ಕೀಲಿಗಳಲ್ಲಿ ಪ್ರತಿ ಮಿಡಿತಕ್ಕೂ ತುಂಬಿ ಚೆಲ್ಲುವ ವಿದ್ಯುತ್ತಿನ ಗತಿಯೂ ಇದುವೇ. ಚೆಲ್ಲಿದ್ದೆಲ್ಲವೂ ಉಷ್ಣವಾಗಿ ಹೊರಬೀಳುತ್ತದೆ.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ೪.೦ ಗಿಗಾಹರ್ಟ್ಸ್ ವೇಗದಲ್ಲಿ, ೧.೨೦ ವೋಲ್ಟಿನಲ್ಲಿ, ೧೦೦ ವ್ಯಾಟು ವೆಚ್ಚಮಾಡುವ ಸಂಸ್ಕಾರಕವೊಂದನ್ನು ಭಾವಿಸಬಹುದು. ವೇಗವನ್ನು ೪.೪ಕ್ಕೂ ಒತ್ತಡವನ್ನು ೧.೩೨ಕ್ಕೂ, ಅಂದರೆ ಎರಡನ್ನೂ ಶೇಕಡಾ ೧೦ರಂತೆ, ಏರಿಸಿದರೆ ವೆಚ್ಚವು ೧೩೩ ವ್ಯಾಟಿಗೆ ಏರುತ್ತದೆ. ವೇಗ ೪.೮, ಒತ್ತಡ ೧.೪೪ ಆದರೆ ವೆಚ್ಚವು ೧೭೩ ವ್ಯಾಟು. ಹೀಗೆ ಶೇಕಡಾ ೨೦ರ ವೇಗಕ್ಕಾಗಿ ಶೇಕಡಾ ೭೩ರ ಹೆಚ್ಚಿನ ಉಷ್ಣವನ್ನು ಬೆಲೆಯಾಗಿ ತೆರಬೇಕಾಯಿತು. ಇದರ ಮೇಲೆ, ಬಿಸಿ ಏರಿದಂತೆ ಮುಚ್ಚಿದ ಕೀಲಿಗಳಿಂದಲೂ ವಿದ್ಯುತ್ತು ಸೋರತೊಡಗುವುದರಿಂದ ನಿಜವಾದ ವೆಚ್ಚವು ಇದಕ್ಕೂ ಮಿಗಿಲಾಗಿರುತ್ತದೆ.

ಈಗ ಹವೆಯ ವಿಚಾರವನ್ನು ಕೂಡಿಸಿ ನೋಡತಕ್ಕದ್ದು. ತಂಪುಗೊಳಿಸುವ ಫ್ಯಾನು ಸಂಸ್ಕಾರಕವನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಎಷ್ಟು ವ್ಯಾಟು ವೆಚ್ಚವಾಗುವುದೋ ಅದಕ್ಕೆ ತಕ್ಕಷ್ಟು ಡಿಗ್ರಿ ಮೇಲೆಯೇ ಅದು ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ೧೦೦ ವ್ಯಾಟಿಗೆ ೪೫ ಡಿಗ್ರಿ ಏರಿಕೆಯಾಗುವ ಸಾಧಾರಣ ಫ್ಯಾನು ಇದೆಯೆಂದು ಎಣಿಸಿದರೆ, ೧೩೩ ವ್ಯಾಟಿಗೆ ೬೦ ಡಿಗ್ರಿಯೂ ೧೭೩ ವ್ಯಾಟಿಗೆ ೭೮ ಡಿಗ್ರಿಯೂ ಏರಿಕೆಯಾಗುತ್ತದೆ. ೨೨ ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಈ ಮೂರು ಸ್ಥಿತಿಗಳ ಉಷ್ಣತೆಯು ಕ್ರಮವಾಗಿ ೬೭, ೮೨, ೧೦೦ ಡಿಗ್ರಿ. ನವಲಗುಂದ–ಅಣ್ಣಿಗೇರಿಗಳ ಬಯಲುಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ಕೋಣೆಯೇ ೩೮ ಡಿಗ್ರಿಗೆ ಏರಿದಾಗ ಅವೇ ಅಂಕಿಗಳು ೮೩, ೯೮, ೧೧೬ ಆಗುತ್ತವೆ. ಇಂದಿನ ಬಹುತೇಕ ಸಂಸ್ಕಾರಕಗಳ ಎಲ್ಲೆ ೯೫ ರಿಂದ ೧೦೦ ಡಿಗ್ರಿ. ಆ ಎಲ್ಲೆಯನ್ನು ಮುಟ್ಟಿದೊಡನೆ ಸಂಸ್ಕಾರಕವು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇನ್ನೂ ಮೀರಿದರೆ ಯಂತ್ರವೇ ಆರಿಹೋಗುತ್ತದೆ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ತಂಪು ದೇಶದವನೊಬ್ಬನು ತನ್ನ ಕೋಣೆಯಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಅಂಕಿಗಳನ್ನು ಯಥಾವತ್ತಾಗಿ ಅನುಕರಿಸಿದವನಿಗೆ ಎರೆನಾಡಿನ ಬೇಸಗೆಯಲ್ಲಿ ಹೆಚ್ಚಿನ ವೇಗವೂ ದೊರೆಯಲಾರದು, ಇದ್ದ ವೇಗವೂ ಉಳಿಯಲಾರದು. ಒತ್ತಡದ ಅಂಕಿಯು ಆಯಾ ತುಣುಕಿಗೆ, ಆಯಾ ಫ್ಯಾನಿಗೆ, ಆಯಾ ಹವೆಗೆ ಪ್ರತ್ಯೇಕವಾದದ್ದು. ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಸಂಸ್ಕಾರಕಗಳಲ್ಲಿಯೂ ತಯಾರಿಕೆಯ ಸೂಕ್ಷ್ಮಭೇದಗಳಿಂದ ಬೇಕಾಗುವ ಒತ್ತಡವು ಬೇರೆಬೇರೆಯಾಗಿರುತ್ತದೆ.

ಹಿಂದಿನ ಇತಿಹಾಸ

ಗಣಕಯಂತ್ರಗಳ ಬೆಳವಣಿಗೆಯ ಇತಿಹಾಸವು ಒಂದು ದೃಷ್ಟಿಯಿಂದ ಒತ್ತಡವನ್ನು ತಗ್ಗಿಸುತ್ತ ಬಂದ ಇತಿಹಾಸವೇ ಆಗಿದೆ. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ೪೦೦೪ ಎಂಬ ಸಂಸ್ಕಾರಕದಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದವು. ಅದು ೧೫ ವೋಲ್ಟಿನಿಂದ ನಡೆಯುತ್ತಿತ್ತು. ೧೯೭೮ರ ೮೦೮೬ಕ್ಕೆ ೫ ವೋಲ್ಟು ಸಾಕಾಯಿತು. ತೊಂಬತ್ತರ ದಶಕದಲ್ಲಿ ಅದು ೩.೩ಕ್ಕೂ ಮುಂದೆ ೨ ವೋಲ್ಟಿಗೂ ಇಳಿಯಿತು. ೧೯೭೪ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು, ಟ್ರಾನ್ಸಿಸ್ಟರಿನ ಗಾತ್ರವನ್ನು ಕುಗ್ಗಿಸಿದ ಪ್ರಮಾಣದಲ್ಲಿಯೇ ಒತ್ತಡವನ್ನೂ ತಗ್ಗಿಸಿದರೆ ವೇಗವು ಹೆಚ್ಚಿಯೂ ಅದೇ ಜಾಗದಲ್ಲಿ ಹುಟ್ಟುವ ಉಷ್ಣವು ಹೆಚ್ಚದೆಂದು ತೋರಿಸಿಕೊಟ್ಟಿದ್ದರು. ಮೂರು ದಶಕಗಳ ಪ್ರಗತಿಗೆ ಈ ಸೂತ್ರವು ಆಧಾರವಾಯಿತು.

ಓವರ್‌ಕ್ಲಾಕಿಂಗ್ ಎಂಬುದು ಜನಪ್ರಿಯವಾದದ್ದು ಆ ಕಾಲದಲ್ಲಿಯೇ. ೧೯೯೮ರ ಸೆಲೆರಾನ್ ೩೦೦ಎ ಎಂಬ ಅಗ್ಗದ ಸಂಸ್ಕಾರಕವನ್ನು ೩೦೦ ಮೆಗಾಹರ್ಟ್ಸಿನಿಂದ ೪೫೦ಕ್ಕೆ ಏರಿಸಿ ನಡೆಸಿದವರು ಅನೇಕರು. ತಯಾರಕರು ಬಿಟ್ಟುಕೊಟ್ಟಿದ್ದ ಅವಕಾಶವು ಆಗ ವಿಶಾಲವಾಗಿತ್ತು. ಒತ್ತಡವನ್ನು ಅಷ್ಟಾಗಿ ಏರಿಸದೆಯೇ ಅರ್ಧದಷ್ಟು ಹೆಚ್ಚಿನ ವೇಗವು ಸಾಧ್ಯವಾಯಿತು. ಇಂದಿನ ಸಂಸ್ಕಾರಕಗಳಲ್ಲಿ ಆ ಅವಕಾಶವನ್ನು ತಯಾರಕರೇ ಬಹುಮಟ್ಟಿಗೆ ಬಳಸಿಬಿಟ್ಟಿರುತ್ತಾರೆ. ಕೆಲಸ ಹೆಚ್ಚಿದಾಗ ವೇಗವನ್ನೂ ಒತ್ತಡವನ್ನೂ ತಾನಾಗಿ ಏರಿಸಿಕೊಳ್ಳುವ ‘ಟರ್ಬೊ’ ವ್ಯವಸ್ಥೆಯು ಅವುಗಳಲ್ಲಿ ಹುಟ್ಟಿನಿಂದಲೇ ಇದೆ. ಆದುದರಿಂದ ಹಳೆಯ ಕಾಲದ ಸಾಹಸಕಥೆಗಳು ಇಂದಿನ ಯಂತ್ರಕ್ಕೆ ಪ್ರಮಾಣವಾಗಲಾರವು.

೨೦೦೫ರ ಸುಮಾರಿಗೆ ಡೆನಾರ್ಡರ ಸೂತ್ರವು ತನ್ನ ಮಿತಿಯನ್ನು ಮುಟ್ಟಿತು. ಒಂದು ವೋಲ್ಟಿನ ಆಸುಪಾಸಿಗೆ ಬಂದ ಮೇಲೆ ಒತ್ತಡವನ್ನು ಇನ್ನೂ ತಗ್ಗಿಸಿದರೆ ಕೀಲಿಗಳು ಸರಿಯಾಗಿ ಮುಚ್ಚದೆ ಸೋರತೊಡಗಿದವು. ೪ ಗಿಗಾಹರ್ಟ್ಸಿನ ಪೆಂಟಿಯಮ್ ೪ ಸಂಸ್ಕಾರಕವನ್ನು ತರುವ ಯೋಜನೆಯನ್ನು ಇಂಟೆಲ್ ಸಂಸ್ಥೆಯು ೨೦೦೪ರಲ್ಲಿ ಕೈಬಿಟ್ಟಿತು. ಅಂದಿನಿಂದ ತಯಾರಕರು ಒಂದೇ ಎತ್ತನ್ನು ಹೊಡೆದೋಡಿಸುವುದಕ್ಕಿಂತ ಹಲವು ಎತ್ತುಗಳನ್ನು ಹೂಡುವ ಮಾರ್ಗವನ್ನು ಹಿಡಿದರು. ಒಂದೇ ತುಣುಕಿನಲ್ಲಿ ಹಲವು ಸಂಸ್ಕಾರಕ ಕೇಂದ್ರಗಳನ್ನು ಇರಿಸುವ ಈ ಪದ್ಧತಿಗೆ ಕರ್ನಾಟಕದ ಕಾಣಿಕೆಯೂ ಉಂಟು. ಇಂಟೆಲ್ ಸಂಸ್ಥೆಯ ಬೆಂಗಳೂರಿನ ತಂತ್ರಜ್ಞರು ರೂಪಿಸಿದ, ಆರು ಕೇಂದ್ರಗಳುಳ್ಳ ‘ಡನಿಂಗ್ಟನ್’ ಎಂಬ ಸಂಸ್ಕಾರಕವು ೨೦೦೮ರಲ್ಲಿ ಹೊರಬಂದಿತು. ಅದರಲ್ಲಿ ೧೯೦ ಕೋಟಿ ಟ್ರಾನ್ಸಿಸ್ಟರುಗಳಿದ್ದವು.

ಒತ್ತಡವನ್ನು ನಿಗದಿಪಡಿಸುವ ಬಗೆಗಳು

ವೇಗವನ್ನು ಏರಿಸಲು ಎಲ್ಲ ಸಂಸ್ಕಾರಕಗಳೂ ಅವಕಾಶ ಕೊಡುವುದಿಲ್ಲ. ಸಾಮಾನ್ಯವಾಗಿ ೧೦೦ ಮೆಗಾಹರ್ಟ್ಸಿನ ಮೂಲ ಮಿಡಿತವನ್ನು ೪೦, ೪೨ ಮುಂತಾದ ಗುಣಕದಿಂದ ಗುಣಿಸಿ ವೇಗವನ್ನು ಪಡೆಯಲಾಗುತ್ತದೆ. ಈ ಗುಣಕವು ಕೆಲವದರಲ್ಲಿ ಬಂಧಿತವಾಗಿರುತ್ತದೆ, ಕೆಲವದರಲ್ಲಿ ಮುಕ್ತವಾಗಿರುತ್ತದೆ. ಗುಣಕವು ಮುಕ್ತವಾಗಿದ್ದಲ್ಲಿ ಬಯಾಸಿನಲ್ಲಿ ಒತ್ತಡವನ್ನು ಗೊತ್ತುಪಡಿಸಲು ಮುಖ್ಯವಾಗಿ ನಾಲ್ಕು ಬಗೆಗಳಿರುತ್ತವೆ.

ಮೊದಲನೆಯದು ‘ಆಟೊ’, ಅಂದರೆ ಸ್ವಯಂಚಾಲಿತ. ಇಲ್ಲಿ ಮದರ್‌ಬೋರ್ಡು ತಾನೇ ನಿರ್ಧರಿಸುತ್ತದೆ. ವೇಗವನ್ನು ಮುಟ್ಟದಿದ್ದಾಗ ಇದು ಸುರಕ್ಷಿತವೆಂದು ಹೇಳಬಹುದು. ವೇಗವನ್ನು ಏರಿಸಿ ಒತ್ತಡವನ್ನು ಆಟೊದಲ್ಲಿಯೇ ಬಿಟ್ಟರೆ ಮಾತ್ರ, ಯಂತ್ರ ನಿಲ್ಲದಿರಲೆಂದು ಬೋರ್ಡು ಅಗತ್ಯಕ್ಕಿಂತ ಹೆಚ್ಚಿನ ಒತ್ತಡವನ್ನು ಕೊಡುವುದುಂಟು. ಎರಡನೆಯದು ಸ್ಥಿರ ಒತ್ತಡ. ಇದರಲ್ಲಿ ಕೊಟ್ಟ ಅಂಕಿಯು ಯಂತ್ರವು ಸುಮ್ಮನಿರುವಾಗಲೂ ಬದಲಾಗುವುದಿಲ್ಲ. ಪರೀಕ್ಷೆಯ ಕಾಲಕ್ಕೆ ಅನುಕೂಲವಾದರೂ ನಿತ್ಯದ ಬಳಕೆಗೆ ಇದು ದುಂದು. ಮೂರನೆಯದು ‘ಆಫ್‌ಸೆಟ್’. ತಯಾರಕರು ತುಣುಕಿನಲ್ಲಿಯೇ ಬರೆದಿಟ್ಟ ಒತ್ತಡದ ಕೋಷ್ಟಕಕ್ಕೆ ಇಂತಿಷ್ಟನ್ನು ಕೂಡಿಸು ಅಥವಾ ಕಳೆ ಎಂದು ಹೇಳುವ ಬಗೆಯಿದು. ನಾಲ್ಕನೆಯದು ‘ಅಡಾಪ್ಟಿವ್’. ಅತಿವೇಗದ ಹೊತ್ತಿನಲ್ಲಿ ಮಾತ್ರ ಹೆಚ್ಚಿನ ಒತ್ತಡವನ್ನು ಕೊಟ್ಟು ಉಳಿದ ಹೊತ್ತಿನಲ್ಲಿ ಕೋಷ್ಟಕದಂತೆ ನಡೆಯುವುದು ಇದರ ಕ್ರಮ. ನಿತ್ಯದ ಉಪಯೋಗಕ್ಕೆ ಕೊನೆಯ ಎರಡು ಬಗೆಗಳು ಯೋಗ್ಯವಾದವು.

ಇದಲ್ಲದೆ ‘ಲೋಡ್‌ಲೈನ್’ ಎಂಬ ಇನ್ನೊಂದು ವ್ಯವಸ್ಥೆಯುಂಟು. ಹೆಸರು ಅಪರಿಚಿತವೆನಿಸಿದರೂ ಇದರ ತತ್ತ್ವವನ್ನು ಹಳ್ಳಿಯವರು ನಿತ್ಯವೂ ಕಾಣುತ್ತಾರೆ. ಟಿ.ಸಿ. ಎಂದು ರೈತರು ಕರೆಯುವ ಪರಿವರ್ತಕದ ಮೇಲೆ ನಾಲ್ಕಾರು ಪಂಪ್‌ಸೆಟ್ಟುಗಳು ಒಮ್ಮೆಲೇ ಪ್ರಾರಂಭವಾದಾಗ ಮನೆಯ ದೀಪವು ಮಂಕಾಗುತ್ತದೆ. ಅವೆಲ್ಲ ಒಮ್ಮೆಲೇ ನಿಂತಾಗ ದೀಪವು ಫಕ್ಕನೆ ಪ್ರಕಾಶಿಸುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ. ಸಂಸ್ಕಾರಕದಲ್ಲಿಯೂ ಭಾರಿ ಕೆಲಸವು ಪ್ರಾರಂಭವಾದೊಡನೆ ಒತ್ತಡವು ತುಸು ಇಳಿಯುತ್ತದೆ. ಅದು ದೋಷವಲ್ಲ, ಕೆಲಸವು ನಿಂತ ಕ್ಷಣದಲ್ಲಿ ಒತ್ತಡವು ಮೇಲಕ್ಕೆ ಜಿಗಿದು ಎಲ್ಲೆಯನ್ನು ಮೀರದಿರಲೆಂದು ರಚನಾಕಾರರೇ ಬುದ್ಧಿಪೂರ್ವಕವಾಗಿ ಬಿಟ್ಟ ಇಳಿಜಾರು. ಈ ಇಳಿತವನ್ನು ಪೂರ್ಣವಾಗಿ ಅಳಿಸುವಂತೆ ಲೋಡ್‌ಲೈನನ್ನು ತೀವ್ರ ಮಟ್ಟಕ್ಕೆ ಇರಿಸಿದರೆ, ಸಾಮಾನ್ಯ ಅಳತೆಗೆ ಕಾಣದಷ್ಟು ಕ್ಷಣಿಕವಾದ ಅತಿಒತ್ತಡಗಳು ಸಂಸ್ಕಾರಕವನ್ನು ಪದೇ ಪದೇ ತಾಡಿಸುತ್ತವೆ. ಆದುದರಿಂದ ಮಧ್ಯಮ ಮಟ್ಟವನ್ನು ಮೀರದಿರುವುದು ಲೇಸು.

ಅತಿಒತ್ತಡದ ಪರಿಣಾಮ

ಅತಿಒತ್ತಡದ ಕೇಡು ಬಹುಶಃ ತತ್‌ಕ್ಷಣ ಕಾಣುವುದಿಲ್ಲ. ಇದೇ ಅದರ ಮೋಸ. ಪ್ರವಾಹದ ರಭಸಕ್ಕೆ ಲೋಹದ ಸೂಕ್ಷ್ಮ ತಂತಿಗಳ ಕಣಗಳು ಮೆಲ್ಲಮೆಲ್ಲನೆ ಸ್ಥಾನಪಲ್ಲಟಗೊಳ್ಳುತ್ತವೆ. ಹಳ್ಳದ ನೀರು ದಂಡೆಯ ಮಣ್ಣನ್ನು ಒಂದೆಡೆ ಕೊರೆದು ಇನ್ನೊಂದೆಡೆ ರಾಶಿಹಾಕುವಂತೆ ಇದು ನಡೆಯುತ್ತದೆ. ಕೀಲಿಗಳ ನಡುವಣ ಅತಿ ತೆಳುವಾದ ನಿರೋಧಕ ಪೊರೆಯೂ ಒತ್ತಡದಿಂದ ಜೀರ್ಣವಾಗುತ್ತದೆ. ಪರಿಣಾಮವಾಗಿ, ಮೊದಲು ೧.೩೦ ವೋಲ್ಟಿನಲ್ಲಿ ಸುಗಮವಾಗಿ ನಡೆಯುತ್ತಿದ್ದ ಯಂತ್ರವು ಕೆಲವು ತಿಂಗಳುಗಳ ತರುವಾಯ ೧.೩೨ನ್ನು, ಬಳಿಕ ೧.೩೫ನ್ನು ಬೇಡತೊಡಗುತ್ತದೆ. ಬೇಡಿದ್ದನ್ನು ಕೊಟ್ಟಷ್ಟೂ ಸವೆತವು ಹೆಚ್ಚುತ್ತದೆ.

ಈ ಮಾತು ಊಹೆಯಲ್ಲವೆಂಬುದಕ್ಕೆ ಈಚಿನ ಎರಡು ಘಟನೆಗಳು ಸಾಕ್ಷಿಯಾಗಿವೆ. ೨೦೨೩ರಲ್ಲಿ ಎ.ಎಂ.ಡಿ. ಸಂಸ್ಥೆಯ ರೈಜೆನ್ ೭೦೦೦ ಶ್ರೇಣಿಯ ಕೆಲವು ಸಂಸ್ಕಾರಕಗಳು ಕೆಲವು ಮದರ್‌ಬೋರ್ಡುಗಳಲ್ಲಿ ಸುಟ್ಟುಹೋದವು. ಸ್ಮೃತಿಯ, ಅಂದರೆ ರ್‍ಯಾಮಿನ, ವೇಗವನ್ನು ಹೆಚ್ಚಿಸಿದಾಗ ಸಂಸ್ಕಾರಕದ ಒಂದು ಭಾಗಕ್ಕೆ ಬೋರ್ಡುಗಳು ತಾವಾಗಿ ಹೆಚ್ಚಿನ ಒತ್ತಡವನ್ನು ಕೊಡುತ್ತಿದ್ದವು. ಸಂಸ್ಥೆಯು ಆ ಒತ್ತಡಕ್ಕೆ ೧.೩ ವೋಲ್ಟಿನ ಮಿತಿಯನ್ನು ವಿಧಿಸಿತು. ೨೦೨೪ರಲ್ಲಿ ಇಂಟೆಲ್ ಸಂಸ್ಥೆಯ ೧೩ನೆಯ ಮತ್ತು ೧೪ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಸಂಸ್ಕಾರಕಗಳು ಅಸ್ಥಿರವಾಗಲು ಅತಿಯಾದ ಒತ್ತಡವೇ ಕಾರಣವೆಂದು ಆ ಸಂಸ್ಥೆಯೇ ಪ್ರಕಟಿಸಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಒದಗಿಸಿದ ತಿದ್ದುಪಡಿಯು ೧.೫೫ ವೋಲ್ಟನ್ನು ಮೀರಿದ ಬೇಡಿಕೆಯನ್ನು ತಡೆಯಿತು. ವಾರಂಟಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಆದರೆ ಅದಾಗಲೇ ಸವೆದ ತುಣುಕುಗಳನ್ನು ತಿದ್ದುಪಡಿಯು ಮೊದಲಿನ ಸ್ಥಿತಿಗೆ ತರಲಾರದಾಯಿತು. ತಯಾರಕರ ಕೈಯಲ್ಲಿಯೇ ಹೀಗಾಗಬಹುದಾದರೆ, ಅಳತೆಯ ಸಾಧನಗಳಿಲ್ಲದ ಮನೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ವಾಚಕರೇ ಊಹಿಸಬಹುದು. ಒತ್ತಡವನ್ನು ಏರಿಸಿ ಕೆಡಿಸಿಕೊಂಡ ಸಂಸ್ಕಾರಕಕ್ಕೆ ಸಾಮಾನ್ಯವಾಗಿ ವಾರಂಟಿಯ ಆಸರೆಯೂ ಇರುವುದಿಲ್ಲ.

ಅನುಸರಿಸತಕ್ಕ ಕ್ರಮ

ಇಷ್ಟನ್ನೂ ಅರಿತ ಮೇಲೆ ವೇಗವನ್ನು ಏರಿಸಲೇಬೇಕೆನ್ನುವವರು ಒಂದು ಕ್ರಮವನ್ನು ಪಾಲಿಸತಕ್ಕದ್ದು. ಮೊಟ್ಟಮೊದಲು ಪೆಟ್ಟಿಗೆಯನ್ನು ತೆರೆದು ಶುಚಿಗೊಳಿಸಬೇಕು. ಎರೆಮಣ್ಣಿನ ಧೂಳು, ಹತ್ತಿಯ ಎಳೆ ಫ್ಯಾನಿನ ರೆಕ್ಕೆಗಳಲ್ಲಿಯೂ ಲೋಹದ ಹಲಗೆಗಳ ನಡುವೆಯೂ ಸೇರಿಕೊಂಡು ಗಾಳಿಯನ್ನು ತಡೆದಿರುತ್ತವೆ. ಸಂಸ್ಕಾರಕ ಮತ್ತು ಫ್ಯಾನಿನ ನಡುವೆ ಸವರಿದ ಉಷ್ಣವಾಹಕ ಲೇಪವು ವರ್ಷಗಳ ತರುವಾಯ ಒಣಗಿದ್ದರೆ ಅದನ್ನು ಒರೆಸಿ ಹೊಸದಾಗಿ ಸವರಬೇಕು. ನಿಧಾನವಾಗಿದೆಯೆಂದು ದೂರಲ್ಪಡುವ ಎಷ್ಟೋ ಯಂತ್ರಗಳು ಬಿಸಿಯಿಂದಾಗಿ ತಮ್ಮ ವೇಗವನ್ನು ತಾವೇ ಇಳಿಸಿಕೊಂಡವುಗಳಾಗಿರುತ್ತವೆ; ಇಂಥವು ಈ ಶುದ್ಧೀಕರಣದಿಂದಲೇ ಚೇತರಿಸಿಕೊಳ್ಳುತ್ತವೆ.

ತರುವಾಯ ಬಯಾಸಿನ ಮೂಲ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅಮೂಲ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಪೂರ್ಣ ಭಾರದಲ್ಲಿ ಯಂತ್ರವನ್ನು ನಡೆಸಿ ಉಷ್ಣತೆಯನ್ನು ಗುರುತಿಸಿಕೊಳ್ಳಬೇಕು. ಈ ಪರೀಕ್ಷೆಯನ್ನು ಮುಂಜಾನೆಯ ತಂಪಿನಲ್ಲಿ ಮಾಡದೆ ಮಧ್ಯಾಹ್ನದ ಬಿಸಿಯಲ್ಲಿ ಮಾಡುವುದು ವಿಹಿತ. ಆಮೇಲೆ ಒತ್ತಡವನ್ನು ಮುಟ್ಟದೆ ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಾರಿಯೂ ಪರೀಕ್ಷಿಸಬೇಕು. ಯಂತ್ರವು ತಪ್ಪುಮಾಡತೊಡಗಿದಾಗ ಮಾತ್ರ ಒತ್ತಡವನ್ನು ೦.೦೧ ಅಥವಾ ೦.೦೨ ವೋಲ್ಟಿನಷ್ಟು ಏರಿಸಬೇಕು. ಉಷ್ಣತೆಯು ೮೫ ಡಿಗ್ರಿಯನ್ನು ಸಮೀಪಿಸಿತೆಂದರೆ ಅಲ್ಲಿಗೆ ನಿಲ್ಲಿಸಿ, ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ಯಂತ್ರವು ಪ್ರಾರಂಭವೇ ಆಗದಿದ್ದರೆ ಗಾಬರಿಯಾಗಬೇಕಿಲ್ಲ. ವಿದ್ಯುತ್ ಸಂಪರ್ಕವನ್ನು ತೆಗೆದು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ಲನ್ನು ಕೆಲವು ನಿಮಿಷ ಹೊರಗಿರಿಸಿ ಮತ್ತೆ ಕೂಡಿಸಿದರೆ ಬಹುತೇಕ ಬೋರ್ಡುಗಳಲ್ಲಿ ಮೂಲ ಅಂಕಿಗಳು ಮರಳುತ್ತವೆ.

ತಗ್ಗಿಸುವುದೂ ಒಂದು ಸಾಧನೆ

ಒತ್ತಡದ ವಿದ್ಯೆಯನ್ನು ಏರಿಸುವುದಕ್ಕೆ ಮಾತ್ರ ಬಳಸಬೇಕೆಂದಿಲ್ಲ. ಪ್ರತಿಯೊಂದು ತುಣುಕೂ ಎಲ್ಲ ಸ್ಥಿತಿಗಳಲ್ಲಿಯೂ ತಪ್ಪಿಲ್ಲದೆ ನಡೆಯಬೇಕಾದುದರಿಂದ ತಯಾರಕರು ಸಾಮಾನ್ಯವಾಗಿ ತುಸು ಹೆಚ್ಚಿನ ಒತ್ತಡವನ್ನೇ ಗೊತ್ತುಪಡಿಸಿರುತ್ತಾರೆ. ವೇಗವನ್ನು ಹಾಗೆಯೇ ಇರಿಸಿ ಒತ್ತಡವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತ ಹೋದರೆ, ಯಂತ್ರವು ತಪ್ಪಿಲ್ಲದೆ ನಡೆಯುವ ಕೆಳಗಿನ ಎಲ್ಲೆಯು ದೊರೆಯುತ್ತದೆ. ಮೇಲಿನ ಉದಾಹರಣೆಯ ಸಂಸ್ಕಾರಕವು ೧.೨೦ರ ಬದಲು ೧.೦೮ ವೋಲ್ಟಿನಲ್ಲಿ ನಡೆಯುವುದಾದರೆ ವೆಚ್ಚವು ೧೦೦ರಿಂದ ೮೧ ವ್ಯಾಟಿಗೆ ಇಳಿಯುತ್ತದೆ. ೩೮ ಡಿಗ್ರಿಯ ಕೋಣೆಯಲ್ಲಿಯೂ ಉಷ್ಣತೆಯು ೮೩ರ ಬದಲು ೭೫ರ ಒಳಗೆ ಉಳಿಯುತ್ತದೆ. ಎಲ್ಲ ತುಣುಕುಗಳೂ ಇಷ್ಟು ಇಳಿಸಲು ಒಪ್ಪಲಾರವು. ಕೆಲವು ಬೋರ್ಡುಗಳಲ್ಲಿ ಈ ಅವಕಾಶವೇ ಇರದು. ಅವಕಾಶವಿದ್ದಲ್ಲಿ, ಅರ್ಧದಷ್ಟು ಇಳಿಕೆಯೂ ಲಾಭವೇ.

ಬಿಸಿಲ ನಾಡಿಗೆ ಈ ಮಾರ್ಗವು ವಿಶೇಷವಾಗಿ ಒಪ್ಪುವಂಥದು. ಬಿಸಿಯಿಂದ ವೇಗವನ್ನು ಇಳಿಸಿಕೊಳ್ಳುತ್ತಿದ್ದ ಯಂತ್ರವು ಒತ್ತಡ ತಗ್ಗಿದ ಮೇಲೆ ತನ್ನ ಪೂರ್ಣ ವೇಗವನ್ನು ಉಳಿಸಿಕೊಳ್ಳುತ್ತದೆ. ಹೀಗೆ ತಗ್ಗಿಸಿದವನಿಗೇ ಹೆಚ್ಚಿನ ವೇಗವು ದೊರೆತಂತಾಗುತ್ತದೆ. ಕರೆಂಟು ಹೋದಾಗ ಯು.ಪಿ.ಎಸ್‌. ಇನ್ನಷ್ಟು ಹೊತ್ತು ಆಸರೆಯಾಗುತ್ತದೆ. ಫ್ಯಾನಿನ ಗದ್ದಲವು ಇಳಿಯುತ್ತದೆ. ಸಂಸ್ಕಾರಕದ ಆಯುಷ್ಯವು ವೃದ್ಧಿಸುತ್ತದೆ.

ಹೀಗೆ ವಿಚಾರಿಸಲಾಗಿ, ಒತ್ತಡವನ್ನು ನಿಗದಿಪಡಿಸುವ ವಿದ್ಯೆಯ ಸಾರವು ಒಂದೇ ಮಾತಿನಲ್ಲಿದೆ: ಬೇಕಾದ ಕೆಲಸವು ತಪ್ಪಿಲ್ಲದೆ ನಡೆಯಲು ಸಾಕಾಗುವ ಅತ್ಯಂತ ಕಡಿಮೆ ಒತ್ತಡವೇ ಯೋಗ್ಯವಾದ ಒತ್ತಡ. ಎಷ್ಟು ಏರಿಸಬಹುದೆಂದು ಕೇಳುವುದಕ್ಕಿಂತ ಎಷ್ಟರಲ್ಲಿ ಸಾಗುವುದೆಂದು ಕೇಳುವುದೇ ಇಲ್ಲಿ ಜಾಣತನ. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಗಾದೆಯು ವೋಲ್ಟಿನ ನೂರರಲ್ಲೊಂದು ಭಾಗಕ್ಕೂ ಅನ್ವಯಿಸುತ್ತದೆ. ವಿದ್ಯಾರ್ಥಿಗಳು ಗಣಕಯಂತ್ರದ ಅಂತರಂಗವನ್ನು ಕುತೂಹಲದಿಂದ ಅಭ್ಯಸಿಸಲಿ, ಅಂಕಿಗಳನ್ನು ಬದಲಾಯಿಸಿ ಪರೀಕ್ಷಿಸಲಿ; ಪ್ರತಿಯೊಂದು ಬದಲಾವಣೆಯ ಮೊದಲು ಅಳೆಯುವ, ಅನಂತರ ಬರೆದಿಡುವ ಅಭ್ಯಾಸವನ್ನು ಮಾತ್ರ ಬಿಡದಿರಲಿ. ಆಗ ಆ ಯಂತ್ರವು ಒಬ್ಬ ಮಗನ ಓದಿಗೆ ನೆರವಾಗಿ, ಅವನ ತರುವಾಯ ತಂಗಿಯ ಓದಿಗೂ ಉಳಿದೀತು.